ಹೆಸರು ಹಾಕಿಸಿದ ಬಾಂಡೆ

ತಾಮ್ರದ ಕೊಡಕ್ಕೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುವಾಗ ಒಂದು ಹುಳಿ ವಾಸನೆ ಏಳುತ್ತದೆ. ಮೊನ್ನೆ, ಮಹಾನವಮಿ ಅಮಾವಾಸ್ಯೆಗೆ ಇನ್ನು ಮೂರು ದಿನ ಇರುವಾಗ, ಕೊಪ್ಪಳದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕಾಲು ಚಾಚಿ ಕೂತು ತಿಕ್ಕುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತಿತು. ಇಪ್ಪತ್ತೆರಡು ವರ್ಷದ ಹಿಂದೆ ಗಂಗಾವತಿಯ ಬಾಡಿಗೆ ಮನೆಯಲ್ಲಿ ಹೀಗೇ ಅರ್ಧ ತಿಕ್ಕಿದ ಬಾಂಡೆಗಳ ನಡುವೆ ಅಳುತ್ತಿದ್ದೆ. ಆಗ ಬಾಗಿಲಲ್ಲಿ ಬಂದು ನಿಂತವರು ಎದುರು ಮನೆಯ ದೊಡ್ಡವ್ವ...

ಅವರು ನನಗೆ ಬಳಗವಲ್ಲ. ಓಣಿಯೆಲ್ಲ ದೊಡ್ಡವ್ವ ಅನ್ನುತ್ತಿತ್ತು, ನಾನೂ ಅಂದೆ. ರೈಸ್ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದರು. ಸಂಜೆ ಬಂದಾಗ ಕೂದಲು, ಹುಬ್ಬು, ಸೀರೆಯ ನೆರಿಗೆ ಎಲ್ಲ ತೌಡಿನಿಂದ ಬೂದು ಬಣ್ಣ. ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮೈ ಝಾಡಿಸಿಕೊಂಡೇ ಒಳಗೆ ಹೋಗುತ್ತಿದ್ದರು. ಒಬ್ಬನೇ ಮಗ ದುಡಿಯಲು ಪರವೂರಿಗೆ ಹೋಗಿದ್ದ. ಒಂದೇ ಕೋಣೆಯ ಮನೆ. ನಾಲ್ಕು ಗಂಗಾಳ, ಎರಡು ಕೊಡ, ಒಂದು ಪೆಟ್ಟಿಗೆ, ಗಳದ ಮೇಲೆ ಎರಡು ಕೌದಿ. ಅಷ್ಟೇ ಅವರ ಸಂಸಾರ.

ನಾನು ಆಗಷ್ಟೇ ಮದುವೆಯಾಗಿ ಬಂದವಳು. ಆನೆಗೊಂದಿ ರಸ್ತೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ನಮ್ಮ ಮನೆತನದಲ್ಲಿ ಸರಕಾರಿ ನೌಕರಿ ಹಿಡಿದ ಮೊದಲ ಹೆಣ್ಣು ನಾನೇ, ಅದರ ಸೊಕ್ಕೂ ಸ್ವಲ್ಪ ಇತ್ತು ಅನ್ನಿ. ಯಜಮಾನರು ಬಸ್ ಕಂಡಕ್ಟರ್, ಮನೆಗೆ ಬರುವುದು ಎರಡು ದಿನಕ್ಕೊಮ್ಮೆ. ಇರಕಲ್ಲಗಡದಿಂದ ನನ್ನ ತವರಿನವರು ಟ್ರ್ಯಾಕ್ಟರ್ ತುಂಬ ಸಾಮಾನು ಹೇರಿಸಿಕೊಂಡು ಬಂದು ಇಳಿಸಿದಾಗ ಓಣಿಯ ಮಂದಿಯೆಲ್ಲ ನೋಡಲು ನಿಂತಿದ್ದರು. ತಿಜೋರಿ, ಪಲ್ಲಂಗ, ಹತ್ತಿ ಗಾದಿ, ಗಾಜಿನ ಶೋಕೇಸು. ಅದರ ಮೇಲೆ ಬಾಂಡೆ ಸಾಮಾನು. ಹನ್ನೆರಡು ಕೊಡ, ಮೂವತ್ತಾರು ತಾಟು, ಲೋಟ ಎಷ್ಟೆಂದು ನನಗೇ ಗೊತ್ತಿರಲಿಲ್ಲ.

ಮದುವೆಗೆ ಕೊಟ್ಟ ಬಾಂಡೆಗೆ ಕೊಟ್ಟವರ ಹೆಸರು ಹಾಕಿಸುವುದು ನಮ್ಮ ಕಡೆಯ ಪದ್ಧತಿ. ಬಾಂಡೆ ಅಂಗಡಿಯಲ್ಲೇ ಚುಕ್ಕೆ ಚುಕ್ಕೆಯಾಗಿ ಕೊರೆದು ಕೊಡುತ್ತಾರೆ. ಸೋದರಮಾವನದೊಂದು, ಅತ್ತೆಯ ಅಣ್ಣನದೊಂದು, ಯಾರದೋ ಬೀಗರದೊಂದು. ಹೆಸರಿದ್ದ ಮೇಲೆ ಅದನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಮೂಲೆಗೆ ಒಗೆಯುವ ಹಾಗೂ ಇಲ್ಲ. ಕೊಟ್ಟವರು ಮನೆಗೆ ಬಂದರೆ ಮೊದಲು ಕಣ್ಣು ಹಾಯಿಸುವುದೇ ಬಾಂಡೆ ಸ್ಟ್ಯಾಂಡಿನ ಮೇಲೆ.

ನಾನು ಮಾಡಿದ ಹುಚ್ಚುತನ ಕೇಳಿ. ಯಾರು ಬರುತ್ತಾರೆಂದು ಸುದ್ದಿ ಬರುತ್ತದೋ ಅವರ ಹೆಸರಿನ ಬಾಂಡೆ ಮುಂದೆ, ಉಳಿದವರದು ಹಿಂದೆ. ತವರಿನವರು ಬಂದರೆ ಒಂದು ಸಾಲು, ಗಂಡನ ಕಡೆಯವರು ಬಂದರೆ ಇನ್ನೊಂದು ಸಾಲು. ಹಿರಿಯರ ಕೊಡ ಮೇಲೆ, ಕಿರಿಯರ ಕೊಡ ಕೆಳಗೆ. ಎರಡೂ ಕಡೆಯವರು ಒಟ್ಟಿಗೆ ಬಂದ ದಿನ ನನ್ನ ಪಾಡು ನಾಯಿಗೂ ಬೇಡ. ಶಾಲೆಯಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುವುದು ಇದಕ್ಕಿಂತ ಸಲೀಸಾಗಿತ್ತು.

ಮೇಲಿಂದ ಗಂಗಾವತಿಯ ಕರಿಬೂದಿ. ಮಿಲ್ಲುಗಳ ಚಿಮಣಿಯಿಂದ ಎದ್ದದ್ದು ಊರ ಮೇಲೆ ಇಳಿಯುತ್ತದೆ. ಬೆಳಿಗ್ಗೆ ಐದಕ್ಕೆದ್ದು ಒರೆಸಿ ಶಾಲೆಗೆ ಹೋದರೆ, ಸಂಜೆ ಬರುವಷ್ಟರಲ್ಲಿ ಶೋಕೇಸಿನ ಗಾಜಿನ ಮೇಲೆ ಬೆರಳಿನಿಂದ ಅ ಆ ಇ ಈ ಬರೆಯಬಹುದಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಮನೆ ಒರೆಸಿ ನೋಡು ಅನ್ನುವುದನ್ನು ಯಾಕೆ ಬಿಟ್ಟರೋ, ಒರೆಸಿದವರು ಯಾರೂ ಗಾದೆ ಕಟ್ಟಲಿಲ್ಲ ಅಂತ ಕಾಣುತ್ತದೆ.

ದೊಡ್ಡವ್ವನ ಪರಿಚಯವಾದದ್ದು ನಳದ ಹತ್ತಿರ. ಮೊದಮೊದಲು ನಾನು ಸರದಿಗೆ ಹೋಗಲು ನಾಚುತ್ತಿದ್ದೆ. ಊರಿಗೆ ಬಂದಾಕಿ ನೀರಿಗೆ ಬರಂಗಿಲ್ಲೇನು ಎಂದು ಅವರೇ ನನ್ನ ಕೈಯಿಂದ ಕೊಡ ಇಸಿದುಕೊಂಡು ತಮ್ಮದಕ್ಕಿಂತ ಮುಂದೆ ಇಟ್ಟರು. ಶಾಲೆ ಕಲಿಸುವ ಹೆಂಗಸಿಗೆ ವಯಸ್ಸೆಷ್ಟೇ ಇರಲಿ ಅಕ್ಕೋರು ಅನ್ನುವುದು ಇಲ್ಲಿನ ರೂಢಿ. ನನಗಿಂತ ಮೂವತ್ತು ವರ್ಷ ದೊಡ್ಡವರು ನನ್ನನ್ನು ಅಕ್ಕೋರ ಅಂತಲೇ ಕರೆಯುತ್ತಿದ್ದರು.

ಆ ವರ್ಷದ ಮಹಾನವಮಿ ಅಮಾವಾಸ್ಯೆಯ ಹೊತ್ತಿಗೆ ಯಲಬುರ್ಗಾದಿಂದ ಅತ್ತೆಯ ಫೋನು, ಓಣಿಯ ತುದಿಯ ಎಸ್‌ಟಿಡಿ ಬೂತಿಗೆ. ನಾದಿನಿಯನ್ನು ಕರೆದುಕೊಂಡು ಬುಧವಾರ ಬರುತ್ತಾರಂತೆ, ಮನೆ ನೋಡುತ್ತಾರಂತೆ. ನವರಾತ್ರಿಯ ಘಟ ಕೂರುವ ಮುಂಚೆ ವಾಪರಿಸಿದ ಬಾಂಡೆ, ಬಳಸದೆ ಇಟ್ಟ ಬಾಂಡೆ ಎಲ್ಲವನ್ನೂ ಇಳಿಸಿ ತೊಳೆದಿರಬೇಕು, ಹಾಸಿಗೆ ಹೊದಿಕೆ ಒಗೆದಿರಬೇಕು. ಇದು ಅವರ ಮನೆಯ ನೇಮ. ಇನ್ನೊಂದು ಮಾತು ಅವರು ಫೋನಿನಲ್ಲಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮದುವೆ ಮಾತುಕತೆಯ ದಿನವೇ ಹಿರಿಯರ ಮುಂದೆ ಹೇಳಿದ್ದರು, ಮನೆ ನೆಟ್ಟಗೆ ನಡೆಸಿದರೆ ನೌಕರಿ ಮಾಡಲಿ, ಇಲ್ಲದಿದ್ದರೆ ಬಿಡಲಿ ಎಂದು. ನನ್ನಪ್ಪ ಹೂಂ ಅಂದಿದ್ದ.

ಎರಡು ದಿನ ರಜೆ ಹಾಕಿದೆ. ಮಂಗಳವಾರ ಬೆಳಗಿನಿಂದ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಐದು ಕೊಡ ಮುಗಿದಿದ್ದವು. ಏಳು ಉಳಿದಿದ್ದವು, ತಾಟು ಲೋಟ ಮುಟ್ಟೇ ಇರಲಿಲ್ಲ, ಗಾದಿ ಬಿಸಿಲಿಗೆ ಹಾಕಿರಲಿಲ್ಲ. ತಿಜೋರಿಯ ಬಾಗಿಲು ತೆರೆದರೆ ಸೀರೆಗಳು ಮೈಮೇಲೆ ಬಿದ್ದವು. ನಳದ ನೀರು ನಿಂತುಹೋಯಿತು. ನಿಂತ ನಿಲುವಿನಲ್ಲೇ ಬುದ್ಧಿ ಮಂಕಾಯಿತು. ತಿಕ್ಕಿದ ಐದನ್ನು ಎಲ್ಲಿ ಇಡಬೇಕೆಂಬುದೂ ತಿಳಿಯದೆ ಬಾಂಡೆಗಳ ನಡುವೆ ಕುಸಿದು ಕೂತೆ. ಆಮೇಲೆ ಎದ್ದು, ಕೈಯ ಹುಣಸೆಯನ್ನು ಲಂಗಕ್ಕೆ ಒರೆಸಿಕೊಂಡು, ಶಾಲೆಯ ಮಕ್ಕಳ ಕಾಪಿ ಪುಸ್ತಕದಿಂದ ಒಂದು ಹಾಳೆ ಹರಿದು ರಾಜೀನಾಮೆ ಬರೆದೆ. ಬರೆದ ಮೇಲೆ ಅಳು ಬಂತು.

ಆಗಲೇ ದೊಡ್ಡವ್ವ ಬಂದದ್ದು. ಹಬ್ಬದ ಅಡುಗೆಗೆ ಒಂದು ದೊಡ್ಡ ಪಾತ್ರೆ ಕೇಳಲು ಬಂದಿದ್ದರು. ಹೊಸ್ತಿಲಲ್ಲಿ ನಿಂತು ಒಳಗೆಲ್ಲ ನೋಡಿದರು, ಕಾಲಿಡಲು ಜಾಗವಿರಲಿಲ್ಲ.

“ಮನ್ಯಾಗ ಎಷ್ಟು ಮಂದಿ ಅದೀರಿ ಅಕ್ಕೋರ?”

ಇಬ್ಬರು ಅಂದೆ.

“ಇಬ್ಬರಿಗೆ ಹನ್ನೆರಡು ಕೊಡ ಏನ್ ಮಾಡ್ತೀರಿ ಯವ್ವಾ, ಈಜಾಡ್ತೀರೇನು?”

ನಗು ಬರಲಿಲ್ಲ. ಚೀಟಿ ತೋರಿಸಿ, ನೌಕರಿ ಬಿಡುತ್ತೇನೆ ದೊಡ್ಡವ್ವ, ನನ್ನಿಂದ ಈ ಮನೆ ಆಗುವುದಿಲ್ಲ ಎಂದೆ. ಓದಲು ಬಾರದ ಅವರು ಅದನ್ನು ಇಸಿದುಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದರು. ಮಡಚಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡರು. ಹಬ್ಬ ಮುಗಿಯುವವರೆಗೆ ತಮ್ಮ ಹತ್ತಿರ ಇರಲಿ, ಆಮೇಲೆ ಬೇಕಾದರೆ ತಾವೇ ತಂದು ಕೊಡುವುದಾಗಿ ಹೇಳಿದರು. ಹೇಳಿ, ಅಂಗಳಕ್ಕೆ ಹೋಗಿ ಓಣಿಯ ಹೆಂಗಸರನ್ನು ಕೂಗಿದರು. ಹಬ್ಬಕ್ಕೆ ಯಾರ್ಯಾರಿಗೆ ಏನೇನು ಬೇಕೋ ಅಕ್ಕೋರ ಮನೆಯಿಂದ ಒಯ್ಯಿರಿ, ತೊಳೆಯುವುದು ನಿಮ್ಮ ಪಾಲಿಗೆ ಎಂದರು.

ಅವುಗಳ ಮೇಲೆ ಹೆಸರಿದೆ ದೊಡ್ಡವ್ವ, ನಾಳೆ ಅತ್ತೆ ಬಂದು ಅಣ್ಣನ ಕೊಡ ಎಲ್ಲಿ ಅಂತ ಕೇಳಿದರೆ ನನ್ನ ಗತಿಯೇನು ಅಂದೆ. ಅವರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅಕ್ಕೋರ ಅನ್ನುವುದನ್ನು ಬಿಟ್ಟದ್ದು ಆಗಲೇ.

“ತಂಗಿ, ಹೆಸರು ಹಾಕ್ಸೂದು ಮಂದಿ ನೋಡ್ಲಿ ಅಂತ. ಇಲ್ಲಿ ಗ್ವಾಡಿ ನೋಡಾಕ್ಹತ್ತೇತಿ.”

ಒಂದು ತಾಸು. ಒಬ್ಬರು ಕೊಡ ಎತ್ತಿಕೊಂಡರು, ಒಬ್ಬರು ಲೋಟದ ಸಾಲು, ಮೂಲೆಯ ಮನೆಯವರು ಬಾಣಂತಿ ಮಗಳಿಗೆಂದು ಗಾದಿಯನ್ನೇ ಹೊತ್ತುಕೊಂಡು ಹೋದರು. ಹೋಗುವಾಗ ಒಬ್ಬೊಬ್ಬರೂ ಕೊಡ ತಿರುಗಿಸಿ, ಇದು ಯಾರ ಹೆಸರು ಓದ್ರಿ ಅಕ್ಕೋರ ಎಂದು ಕೇಳಿ ತಿಳಿದುಕೊಂಡು ಹೋದರು. ಉಳಿದದ್ದು ಎರಡು ಕೊಡ, ಆರು ತಾಟು, ಕುಕ್ಕರು. ಕಸ ಗುಡಿಸಿದೆ, ಕಸಬರಿಗೆ ಎಲ್ಲಿಯೂ ತಡೆಯದೆ ಬಾಗಿಲವರೆಗೆ ಬಂತು. ನಮ್ಮ ಅಡುಗೆಕೋಣೆಗೆ ಹಸಿರು ಬಣ್ಣ ಬಳಿದಿದ್ದಾರೆಂದು ನನಗೆ ಗೊತ್ತಾದದ್ದೇ ಆವತ್ತು! ಬರಿ ನೆಲದ ಮೇಲೆ ಅಂಗಾತ ಮಲಗಿದೆ. ಎಷ್ಟು ತಿಂಗಳ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯಿತೋ. ಹೆದರಿಕೆ ಇತ್ತು, ಆದರೂ ಹಗುರಾಗಿತ್ತು. ಗಡದ್ದು ನಿದ್ದೆ ಬಂತು.

ಬುಧವಾರ ಅತ್ತೆ ಬಂದರು. ಕಾಲಿಗೆ ನೀರು ಕೊಟ್ಟೆ. ಒಳಗೆ ಬಂದವರೇ ಸ್ಟ್ಯಾಂಡು ನೋಡಿದರು, ನನ್ನನ್ನು ನೋಡಿದರು.

“ನಮ್ಮ ಅಣ್ಣನ ಕೊಡ ಎಲ್ಲೈತಿ?”

ಎದುರು ಕಟ್ಟೆಯಿಂದಲೇ ದೊಡ್ಡವ್ವ, ಅದು ನೀರು ತುಂಬಾಕ ಹೋಗೇತ್ರಿ ಬೀಗ್ತಿ, ಬರ್ರಿ ತೋರಿಸ್ತೀನಿ ಎಂದು ಎದ್ದು ಬಂದರು. ಮಿಲ್ಲಿಗೆ ಆವತ್ತು ಹೋಗಿರಲಿಲ್ಲ ಅವರು. ನನಗಾಗಿ ಒಂದು ದಿನದ ಕೂಲಿ ಬಿಟ್ಟಿದ್ದರೆಂದು ಹೊಳೆದದ್ದು ಎಷ್ಟೋ ದಿನದ ಮೇಲೆ.

ಅತ್ತೆ ಮುಖ ಗಂಟಿಕ್ಕಿಕೊಂಡು ಅವರ ಹಿಂದೆ ಹೋದರು, ನಾದಿನಿ ಅವರ ಹಿಂದೆ. ನಾನು ಬಾಗಿಲಲ್ಲಿ ನಿಂತೆ. ಅತ್ತ ಏನು ನಡೆಯಿತೆಂದು ನಾದಿನಿ ಆಮೇಲೆ ಹೇಳಿದಳು. ಮೊದಲ ಮನೆಯಲ್ಲೇ ಅಣ್ಣನ ಕೊಡ ಒಲೆಯ ಪಕ್ಕ ಥಳಥಳ ಹೊಳೆಯುತ್ತಾ ಕೂತಿತ್ತಂತೆ. ಆ ಮನೆಯಾಕೆ, ಈ ಹೆಸರು ನಿಮ್ಮ ಅಣ್ಣಾರದಂತಲ್ರಿ, ಭಾಳ ಛಲೋ ಕೊಡ ಎಂದು ಅದರಿಂದಲೇ ನೀರು ಬಗ್ಗಿಸಿ ಕೊಟ್ಟಳಂತೆ. ಎರಡನೆಯ ಮನೆಯಲ್ಲಿ ಅತ್ತೆಯ ತಂಗಿಯ ಹೆಸರಿನ ಲೋಟದಲ್ಲಿ ಚಹಾ. ಮೂರನೆಯ ಮನೆಯಲ್ಲಿ ಅರಿಷಿಣ ಕುಂಕುಮ, ಉಡಿಗೆ ಅಕ್ಕಿ. ಒಂಬತ್ತು ಮನೆ ಸುತ್ತಿದರು. ತಿರುಗಿ ಬಂದಾಗ ಅತ್ತೆಯ ಸೆರಗಿನಲ್ಲಿ ಅಕ್ಕಿ, ಬಾಳೆಹಣ್ಣು, ಹಣೆಯ ತುಂಬ ಕುಂಕುಮ. ಬಂದವರು ಹಸಿರು ಗೋಡೆಗೆ ಒರಗಿ ಕೂತರು. ಸೆರಗಿನ ಅಕ್ಕಿಯನ್ನು ತಾಟಿಗೆ ಸುರಿದರು.

“ನನ್ನವೂ ಹದಿನಾಕು ಅದಾವ, ಅಟ್ಟದ ಮ್ಯಾಲೆ. ವರ್ಷಾ ಇಳಿಸಿ ತೊಳ್ದು ಏರ್ಸಿ, ಇಳಿಸಿ ತೊಳ್ದು ಏರ್ಸಿ, ನನ್ನ ಸೊಂಟ ಹೋತು. ಒಬ್ಬರರ ಅದರಾಗ ಒಂದು ಗುಟುಕು ನೀರು ಕುಡದಿಲ್ಲ.”

ಅಷ್ಟು ಹೇಳಿ, ಶಾಲೆಗೆ ನಾಳೆ ರಜೆ ಹಾಕಬೇಡ, ಅಡುಗೆ ನಾನು ನೋಡಿಕೊಳ್ಳುತ್ತೇನೆ ಎಂದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಧೈರ್ಯ ಸಾಲಲಿಲ್ಲ.

ಹಬ್ಬ ಮುಗಿದ ಮಾರನೆಯ ದಿನ ದೊಡ್ಡವ್ವ ಆಡಿದ ಮಾತಿನಂತೆ ಚೀಟಿ ತಂದು ಕೊಟ್ಟರು. ಬೆವರಿಗೆ ಅಕ್ಷರ ಕದಡಿದ್ದವು. ಕೊಡುವುದಿದ್ದರೆ ಬೇರೆ ಬರಿ ತಂಗಿ, ಇದು ನಿಮ್ಮ ಸಾಹೇಬರಿಗೆ ಓದಾಕ ಬರಂಗಿಲ್ಲ ಅಂದರು. ಬೇರೆ ಬರೆಯಲಿಲ್ಲ. ಈಗಲೂ ಕಲಿಸುತ್ತಿದ್ದೇನೆ.

ನಾಲ್ಕು ವರ್ಷದ ಮೇಲೆ ಕೊಪ್ಪಳಕ್ಕೆ ವರ್ಗವಾಯಿತು. ಓಣಿಯಲ್ಲಿದ್ದ ಬಾಂಡೆಯಲ್ಲಿ ಅರ್ಧ ಮಾತ್ರ ನನ್ನ ಜೊತೆ ಬಂದವು, ಉಳಿದವು ಅಲ್ಲೇ ಉಳಿದವು. ಗಂಗಾವತಿಗೆ, ದೊಡ್ಡವ್ವನ ಮನೆಗೆ ವರ್ಷಕ್ಕೊಮ್ಮೆಯಾದರೂ ಹೋಗಿಬರುತ್ತಿದ್ದೆ. ಆಮೇಲೆ ಎರಡು ವರ್ಷಕ್ಕೊಮ್ಮೆ... ಆಮೇಲೆ ಬರಿ ಫೋನು.

ಮೂರು ವರ್ಷದ ಹಿಂದೆ ಸ್ವಂತ ಮನೆ ಕಟ್ಟಿಸಿದೆವು. ಕಲಿತದ್ದೆಲ್ಲ ಮರೆತೆ, ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಸೋಫಾ, ಊಟದ ಟೇಬಲ್ಲು, ಪರದೆ, ಪರದೆಗೆ ಹೊಂದುವ ದಿಂಬು. ಗೃಹಪ್ರವೇಶಕ್ಕೆ ಮತ್ತೆ ಹೆಸರು ಹಾಕಿಸಿದ ಬಾಂಡೆ. ಹೊಸ ಮನೆಗೆ ಬಂದ ಹೊಸದರಲ್ಲಿ, ಒಂದು ಗುರುವಾರ, ದೊಡ್ಡವ್ವನ ಸೊಸೆ ಫೋನು ಮಾಡಿದಳು. ನಮ್ಮತ್ತಿ ಮೈಯಾಗ ಆರಾಮಿಲ್ಲ, ನಿಮ್ಮನ್ನ ನೋಡಬೇಕಂತಾಳ, ಬರ್ರಿ ಅಂದಳು. ಭಾನುವಾರ ಬರುತ್ತೇನೆ ಅಂದೆ. ಭಾನುವಾರ ಬಡಿಗ ಬಂದ, ಶೋಕೇಸಿಗೆ ಬಾಗಿಲು ಕೂರಿಸಲು. ಅವನು ಮತ್ತೆ ಸಿಗುವುದು ಎಂದೋ ಏನೋ ಎಂದುಕೊಂಡು ಮನೆಯಲ್ಲೇ ಉಳಿದೆ. ಮುಂದಿನ ಭಾನುವಾರ ಹೋದರಾಯಿತು ಅಂದುಕೊಂಡೆ. ಬುಧವಾರ ದೊಡ್ಡವ್ವ ತೀರಿಕೊಂಡರು.

ನಾನು ಹೋದಾಗ ಮಣ್ಣು ಮುಗಿದಿತ್ತು. ಸೊಸೆ ಒಂದೂ ಕೆಟ್ಟ ಮಾತಾಡಲಿಲ್ಲ, ಚಹಾ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಎಷ್ಟೋ ದಿನ ಆ ಶೋಕೇಸಿನ ಬಾಗಿಲು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮೊನ್ನೆ ಹೀಗೆ ತಿಕ್ಕುತ್ತಾ ಕೂತಿದ್ದಾಗ ಫೋನು ಬಂತು. ಅತ್ತೆ. ಅವರಿಗೆ ಈಗ ಕಣ್ಣು ಮಂಜು, ಯಲಬುರ್ಗಾದಲ್ಲಿ ಮೈದುನನ ಮನೆಯಲ್ಲಿರುತ್ತಾರೆ. ಏನೂ ಕೆಲಸವಿಲ್ಲವಂತೆ, ಜಡ್ಡೂ ಇಲ್ಲವಂತೆ. ಸುಮ್ಮನೆ ನನ್ನ ಹತ್ತಿರ ಮಾತಾಡಬೇಕು ಅನ್ನಿಸಿದೆಯಂತೆ, ಹಬ್ಬ ಆದ ಮೇಲೆ ಬಾ ಅಂದರು. ಫೋನು ಇಟ್ಟು ಕೈ ತೊಳೆದೆ. ಸೀರೆ ಬದಲಿಸಿದೆ. ಯಜಮಾನರಿಗೆ ಅನ್ನ ಸಾರು ಇದೆ, ಬಡಿಸಿಕೊಳ್ಳಿ ಎಂದು ಹೇಳಿ ಬಸ್ ನಿಲ್ದಾಣಕ್ಕೆ ನಡೆದೆ.

ಬಸ್ಸು ಊರು ದಾಟಿದ ಮೇಲೆ ನೆನಪಾಯಿತು, ಅರ್ಧ ತಿಕ್ಕಿದ ಬಾಂಡೆ ಅಡುಗೆಕೋಣೆಯ ನೆಲದ ತುಂಬ ಹಾಗೇ ಬಿದ್ದಿವೆ. ಬಿದ್ದಿರಲಿ ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನ್ರಿ ಎಂದು ಕೇಳಿದಳು, ಏನಿಲ್ಲವೆಂದೆ. ಬಿದ್ದಿರಲಿ ಅನ್ನುವ ಮಾತು ಎಷ್ಟು ಸಲೀಸಾಗಿ ಬಂತು. ಬಡಿಗ ಬಂದ ಆ ಭಾನುವಾರ ಬರಬೇಕಿತ್ತು.