ಅರಳಿಲ್ಲ ಎಂದಿದ್ದ ಕಾಫಿ ಹೂ

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ ನಾನೂ ತಂಗಿಯೂ ಕೊಡ್ಲಿಪೇಟೆಯ ಶಾಲೆಗೆ ಹೋಗುತ್ತಿದ್ದೆವು. ಮಾರ್ಚಿನ ಮೊದಲ ಮಳೆ ಬಿದ್ದ ಮರುದಿನದಿಂದ ಮೇಷ್ಟ್ರು ಮಕ್ಕಳನ್ನೆಲ್ಲ ಪಕ್ಕದ ತೋಟದ ಬೇಲಿಗೆ ಕರೆದೊಯ್ದು, ಕಾಫಿಯ ಮೊಗ್ಗು ಎಷ್ಟು ಉಬ್ಬಿದೆಯೆಂದು ದಿನವೂ ತೋರಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ತಂಗಿ. ಹೂ ಬಿರಿಯುವ ಹೊತ್ತಿಗೆ ಅವಳು ಜ್ವರದಿಂದ ಮಲಗಿದಳು. ನೋಡಲು ಎದ್ದು ಹೋಗಿಬಿಟ್ಟಾಳೆಂದು ಅವ್ವ ನನಗೊಂದು ಸುಳ್ಳು ಹೇಳಿಕೊಟ್ಟಳು.

"ಇನ್ನೂ ಅರಳಿಲ್ಲ ಕಣೆ," ಎಂದೆ.

"ಹಂಗಾದ್ರೆ ಈ ಗಮಗಮ ನಿನ್ನ ತಲೆಎಣ್ಣೇದಾ ಅಣ್ಣ?" ಎಂದು ನಕ್ಕು ಗೋಡೆಯ ಕಡೆ ತಿರುಗಿದಳು.

ಮೂರು ದಿನಕ್ಕೆ ಹೂ ಕಂದಿತು. ತಂಗಿ ಆ ಜ್ವರದಿಂದ ಏಳಲೇ ಇಲ್ಲ. ಹೂ ಕಿತ್ತರೆ ಕಾಯಿ ಹೋಗುತ್ತದೆ, ಮುಟ್ಟಬೇಡಿ ಎಂದಿದ್ದರು ಮೇಷ್ಟ್ರು. ನಾನು ಮುಟ್ಟಿರಲಿಲ್ಲ. ಒಂದು ರೆಂಬೆ ಮುರಿದು ತಂದು ಅವಳ ದಿಂಬಿನ ಪಕ್ಕ ಇಡಬಹುದಿತ್ತು.