ಟವರ್ ಇಲ್ಲದ ತಿರುವು

ಅದು ಎಂದಿನಂಥದೇ ದಿನ. ಕಲ್ಲು ಸಾಗಿಸುವ ಲಾರಿಗಳ ಶೆಡ್ಡಿನಲ್ಲಿ ಅವಳು ಗಾಡಿ ತೊಳೆಯುತ್ತಿದ್ದಳು. ಗಂಡ ಅಲ್ಲೇ ಲಾರಿ ಚಾಲಕ. ಆಗಷ್ಟೇ ಎಲ್ಲ ಗಾಡಿಗಳಿಗೂ ಎಚ್ಚರಿಕೆಯ ಡಬ್ಬಿ ಕೂರಿಸಿದ್ದರು. ಎದುರಿಗೆ ಗಾಡಿ ಬಂದರೆ ಕೂಗುತ್ತದಂತೆ.

"ಇಂಜಿನ್ ಕಾವಿಗೆ ಫ್ಯಾನ್ ಹಾಕೋಣ ಅಂದ್ರೆ ಪ್ಲಗ್ ಜಾಗ ಇದೇ ತಿಂದಿದೆ," ಗಂಡ ಗೊಣಗಿದ.

"ಕಣಿವೇಲಿ ನಿಮ್ಮ ಫೋನೇ ಸತ್ತು ಬಿದ್ದಿರುತ್ತೆ. ನೆಟ್ ಇಲ್ದೆ ಇದೇನು ಬಂಡೆ ಜೊತೆ ಮಾತಾಡುತ್ತಾ?" ಎಂದವಳೇ ಡಬ್ಬಿಯ ತಂತಿ ಕಿತ್ತಳು.

ಗಂಡ ನಕ್ಕ. "ನಿನ್ನ ಬಾಯಿಗಂತೂ ಟವರ್ ಬೇಡ ಬಿಡು."

ಮರುದಿನ ಬೆಳಿಗ್ಗೆ ದಟ್ಟ ಮಂಜು. ಕಣಿವೆಯ ತಿರುವಿನಲ್ಲಿ ಅದೇ ಶೆಡ್ಡಿನ ಇನ್ನೊಂದು ಲಾರಿ ಎದುರಾಯಿತು. ಗಂಡ ಉಳಿಯಲಿಲ್ಲ.

ತಿಂಗಳಾದ ಮೇಲೆ ಅವಳು ಶೆಡ್ಡಿನ ಎಲೆಕ್ಟ್ರಿಷಿಯನ್ ಮುಂದೆ ನಿಂತಳು. "ನಿಜ ಹೇಳಣ್ಣ. ತಂತಿ ಇದ್ದಿದ್ರೆ ಕೂಗ್ತಿತ್ತಾ?"

ಅವನು ತಲೆ ತಗ್ಗಿಸಿದ. "ಎದುರಿನ ಲಾರಿ ಡಬ್ಬಿ ಚಾಲೂ ಇತ್ತಕ್ಕ. ದೂರದ ರಸ್ತೆ ಸುದ್ದಿ ಬರೋಕೆ ನೆಟ್ ಬೇಕು. ಹತ್ತಿರದ ಗಾಡಿಗೆ ಬೇಡ. ರೇಡಿಯೋ ಥರ, ಇದರಿಂದ ಅದಕ್ಕೆ ನೇರ ಹೋಗುತ್ತೆ. ಆದ್ರೆ ಎರಡೂ ಕಡೆ ಚಾಲೂ ಇರ್ಬೇಕು."

ಕಿವುಡನ ಮುಂದೆ ಶಂಖ ಊದಿದಂತಾಗಿತ್ತು. ಕಿವುಡು ಮಾಡಿದವಳು ಅವಳೇ. ಕೂತು ಅಳಲು ಪುರುಸೊತ್ತಿರಲಿಲ್ಲ. ಉಳಿದ ಚಾಲಕರಲ್ಲೂ ಹಲವರು ತಂತಿ ಕಿತ್ತೇ ಓಡಿಸುತ್ತಿದ್ದರು. ಆ ತಿರುವು ಇನ್ನೊಬ್ಬನನ್ನು ನುಂಗಬಾರದು.

ಬಾಯಲ್ಲಿ ಹೇಳಿದಳು. ನಕ್ಕರು. "ಅತ್ತಿಗೆ ಯಾವಾಗ ಇಂಜಿನಿಯರ್ ಆದ್ರಿ?"

"ನಿಮ್ಮಣ್ಣ ಹೋದ ದಿನ."

ನಗು ನಿಂತಿತು. ಹಟ ಹಿಡಿದು, ಅಂಥದೇ ಡಬ್ಬಿಯಿದ್ದ ಮಾಲೀಕರ ಕಾರನ್ನೂ ಒಂದು ಲಾರಿಯನ್ನೂ ಡಬ್ಬಿ ಚಾಲೂ ಮಾಡಿಸಿ ಕಣಿವೆಗೆ ಒಯ್ಯಿಸಿದಳು. ಎಲ್ಲರಿಗೂ ಅವರವರ ಫೋನು ನೋಡಿಕೊಳ್ಳಲು ಹೇಳಿದಳು. ನೆಟ್‌ವರ್ಕಿನ ಒಂದು ಗೆರೆಯೂ ಇಲ್ಲ. ತಿರುವಿನ ಆಚೆಯಿಂದ ಕಾರು ಹೊರಟಿತು. ಅದು ಕಣ್ಣಿಗೆ ಬೀಳುವ ಮೊದಲೇ ಲಾರಿಯ ಡಬ್ಬಿ ಕಿರುಚಿತು.

"ಅಬ್ಬಾ, ಹೆಂಡತಿ ಕೂಗಿದ ಹಾಗೇ ಇದೆ," ಎಂದ ಹಿರಿಯ ಚಾಲಕ. ಅಂದೇ ತಂತಿ ಸಿಕ್ಕಿಸಿದ. ಉಳಿದವರೂ ಸಿಕ್ಕಿಸಿದರು.

ಒಂದು ವಾರ ಸರಿಯಿತ್ತು. ಆಮೇಲೆ ನಾಯಿಬಾಲ ಡೊಂಕೇ. ಮತ್ತೆ ಮೂರು ಗಾಡಿಗಳ ತಂತಿ ನೇತಾಡಿತು. ಅವಳು ಮಾಲೀಕರ ಹತ್ತಿರ ಹೋಗಿ ಗೇಟಿನ ಕೆಲಸ ಕೇಳಿ ಪಡೆದಳು. ಎಲೆಕ್ಟ್ರಿಷಿಯನ್ ಗೇಟಿನ ಕಂಬಕ್ಕೂ ಒಂದು ಡಬ್ಬಿ ಕಟ್ಟಿಕೊಟ್ಟ. ಎದುರು ಬಂದ ಲಾರಿಯ ಡಬ್ಬಿ ಚಾಲೂ ಇದ್ದರಷ್ಟೇ ಅದು ಕೂಗುತ್ತದೆ.

ಈಗಲೂ ದಿನಾ ಬೆಳಿಗ್ಗೆ ಗೇಟಿನ ಸರಪಳಿ ಅವಳ ಕೈಯಲ್ಲಿರುತ್ತದೆ.

"ಬಿಡಿ ಅತ್ತಿಗೆ, ಹೊತ್ತಾಯ್ತು."

"ನಿನ್ನ ಡಬ್ಬಿ ಮಾತಾಡ್ಲಿ, ಬಿಡ್ತೀನಿ."

ಕಂಬದ ಡಬ್ಬಿ ಕೂಗಿದರೆ ಸರಪಳಿ ಇಳಿಸುತ್ತಾಳೆ. ಮುಂದಿನ ಲಾರಿಗೆ ಮತ್ತೆ ಎತ್ತಿ ಕಟ್ಟುತ್ತಾಳೆ.