ಬಾಗಿಲಲ್ಲಿ ನಿಂತವರ ಹೆಸರು

ನನಗೆ ಮೂಗಿನ ತುದಿಯಲ್ಲೇ ಕೋಪ. ಮದ್ದೂರಿನ ಹೈಸ್ಕೂಲೊಂದರಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿದವಳು, ತಪ್ಪು ಕಂಡರೆ ಕೆಂಪು ಪೆನ್ನು ತಾನಾಗಿ ಕೈಗೆ ಬರುತ್ತದೆ. ಹನಕೆರೆಯ ನಮ್ಮ ಮನೆಗೆ ಪಕ್ಕದ ಬೀದಿಯ ಹೆಂಗಸೊಬ್ಬಳು ಮಧ್ಯಾಹ್ನದ ಹೊತ್ತು ಪಾಠಕ್ಕೆ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಉಳಿದಿದ್ದು ಇಂಗ್ಲಿಷ್ ಒಂದೇ. ಈ ಸಲ ಪಾಸಾಗಲೇಬೇಕು ಎಂದು ಹಟ ಹಿಡಿದು ಅರ್ಜಿ ತುಂಬಿಸಿದವನು ಅವಳ ಗಂಡ.

ಆ ಗಂಡ ಕಾಣೆಯಾದ. ಕಬ್ಬಿಗೆ ನೀರು ತಿರುಗಿಸಲು ಹೋದವನು ಮನೆಗೆ ಬರಲಿಲ್ಲ. ನಾಲೆ ಏರಿಯ ಮೇಲೆ ಅವನ ಗುದ್ದಲಿ, ಚಪ್ಪಲಿ ಸಿಕ್ಕವು. ನಾಲೆ ತುಂಬಿ ಹರಿಯುತ್ತಿತ್ತು, ಎಂಟು ದಿನ ಹುಡುಕಿದರೂ ಬೇರೇನೂ ಸಿಗಲಿಲ್ಲ. ಊರೆಲ್ಲ ಅವನು ಹೋದ ಅಂದಿತು. ಅವಳೊಬ್ಬಳು ಒಪ್ಪಲಿಲ್ಲ. ಒಂಬತ್ತನೆಯ ದಿನ ನೋಟ್‌ಬುಕ್ ಹಿಡಿದುಕೊಂಡು ಪಾಠಕ್ಕೆ ಬಂದೇಬಿಟ್ಟಳು.

"ಬಂದ್ಮೇಲೆ ಓದಿದ್ಯಾ ಅಂತ ಕೇಳ್ತಾರೆ ಮೇಡಮ್ಮೋರೆ. ಏನಂತ ಯೋಳ್ಲಿ?"

ನಾನು ಪಾಠ ತೆಗೆದೆ. ಅವತ್ತು 'ಯಾರು' ಎಂಬರ್ಥದ ಇಂಗ್ಲಿಷಿನ 'ಹೂ' ಸೇರಿಸಿ ವಾಕ್ಯ ಮಾಡುವುದು. "ನೋಡಮ್ಮ, ನಾವು 'ರೈಲಲ್ಲಿ ವಡೆ ಮಾರೋ ಮನುಷ್ಯ' ಅಂತೀವಿ. ಕೆಲಸ ಮೊದಲು, ಆಮೇಲೆ ಆಳು. ಇಂಗ್ಲಿಷಿನೋರ್ದು ಉಲ್ಟಾ. ಮೊದಲು ಆಳು, ಆಮೇಲೆ 'ಹೂ', ಅದರ ಹಿಂದೆ ಅವನ ಸಮಾಚಾರ. ದಿ ಮ್ಯಾನ್ ಹೂ ಸೆಲ್ಸ್ ವಡೆ."

ಅವಳು ಪೆನ್ನು ಕಚ್ಚಿಕೊಂಡು ಯೋಚಿಸಿದಳು. "ಅಂಗಾರೆ ಆಳು ಮೊದ್ಲೇ ಬಂದು ಬಾಗ್ಲಲ್ಲಿ ನಿಂತ್ಕೊತದೆ. ಯಾರು ಏನು ಅಂತ ನಾವು ಆಮೇಲೆ ತಿಳ್ಕೊಬೇಕು."

"ಅಷ್ಟೇ ಕಣಮ್ಮ. ನಾಳೆಗೆ ಐದು ವಾಕ್ಯ ಬರ್ಕೊಂಡ್ ಬಾ" ಅಂದೆ.

ಮಾರನೆಯ ದಿನ ನೋಟ್‌ಬುಕ್ ತೆರೆದರೆ ಮೊದಲ ಸಾಲು: ದಿ ಮ್ಯಾನ್ ಹೂ ಸ್ಟ್ಯಾಂಡ್ಸ್ ಅಟ್ ದಿ ಡೋರ್ ಈಸ್ ವೆಟ್. ಬಾಗಿಲಲ್ಲಿ ನಿಂತಿರುವವರು ಒದ್ದೆಯಾಗಿದ್ದಾರೆ. ಎರಡನೆಯದು, ಒದ್ದೆಯಾಗಿರುವವರು ಟವೆಲ್ ಕೇಳುತ್ತಾರೆ. ಮೂರನೆಯದು, ಟವೆಲ್ ಕೇಳುವವರು ಒಳಗೆ ಬರುವುದಿಲ್ಲ. ನಾಲ್ಕನೆಯದು, ಒಳಗೆ ಬಾರದವರಿಗೆ ತಮ್ಮ ಹೆಸರು ಮರೆತುಹೋಗಿದೆ. ಐದನೆಯದು ಖಾಲಿ. ಮೂರು ತಿಂಗಳಿಂದ ಒಂದು ವಾಕ್ಯ ನೆಟ್ಟಗೆ ಬರೆಯದವಳು, ಇವುಗಳಲ್ಲಿ ಒಂದೂ ತಪ್ಪಿಲ್ಲ.

"ಯಾರೇ ಇದು?"

"ನಮ್ಮೋರು. ದಿನಾ ಮೂರು ಗಂಟೆ ರೈಲು ದಾಟಿದ್ಮೇಲೆ ನಾನೆಲ್ಲಿದ್ರೂ ಬಾಗ್ಲಿಗೆ ಬತ್ತಾರೆ. ನನ್ ಹೆಸ್ರೇನು ಅಂತ ಕೇಳ್ತಾರೆ. ನಾನೆಂಗೆ ಯೋಳ್ಲಿ ಮೇಡಮ್ಮೋರೆ?"

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಾರೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಒಂದು ಸಲವೂ ಹೇಳಿದವಳಲ್ಲ.

ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. "ಥೂ, ಎಂಥದೇ ಇದು! ಆ ಹೆಸರು ಒಂದ್ಸಲ ಹೇಳ್ಬುಡು, ಈ ಭ್ರಮೆಯೆಲ್ಲ ಬಿಟ್ಟುಹೋಗುತ್ತೆ."

"ಬ್ಯಾಡಿ ಮೇಡಮ್ಮೋರೆ. ಯೋಳುದ್ರೆ ಅವ್ರು ಇರಾಕಿಲ್ಲ. ಇನ್ನೂ ಬದುಕವ್ರೆ."

"ಹೇಳ್ತೀಯೋ ಇಲ್ವೋ? ಇಲ್ದಿದ್ರೆ ನಾಳೆಯಿಂದ ಪಾಠಕ್ಕೆ ಬರ್ಬೇಡ."

ಅಷ್ಟರಲ್ಲಿ ಮೂರು ಗಂಟೆಯ ರೈಲು ದಾಟಿತು. ಅವಳು ಬಾಗಿಲ ಕಡೆ ತಿರುಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾನೂ ನೋಡಿದೆ. ಯಾರೂ ಇರಲಿಲ್ಲ. ಆದರೆ ಹೊಸ್ತಿಲ ಕಡೆಯಿಂದ ನಾಲೆಯ ಕೆಸರಿನ ವಾಸನೆ ಬಂತು. ಅವಳು ನನ್ನ ಮುಖ ನೋಡಿದಳು. ನಾನು ಕೆಂಪು ಪೆನ್ನಿನಿಂದ ಆ ಖಾಲಿ ಸಾಲನ್ನು ತೋರಿಸಿದೆ.

ಅವಳು ಹೆಸರು ಹೇಳಿದಳು. ಮಲಗಿದ ಮಗುವನ್ನು ಎಬ್ಬಿಸುವಂತೆ ಮೆಲ್ಲಗೆ, ಒಂದೇ ಸಲ. ವಾಸನೆ ನಿಂತುಹೋಯಿತು. ಅಯ್ಯೋ, ನನಗೆ ಆಗ ಎಷ್ಟು ನಿರಾಳವಾಯಿತು! ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ.

ಮರುದಿನ ನಾಲೆಗೆ ನೀರು ನಿಲ್ಲಿಸಿದರು. ಸಂಜೆ ಹೊತ್ತಿಗೆ ಕೆಳಗಿನ ತೂಬಿನ ಕಂಬಿಗೆ ಸಿಕ್ಕಿಕೊಂಡಿದ್ದ ಅವನ ಹೆಣ ಕಂಡಿತು. ಹನ್ನೊಂದು ದಿನ ನೀರಲ್ಲಿದ್ದ ಹೆಣ ಹಾಗಿರುವುದಿಲ್ಲ, ಬೆರಳು ಕೂಡ ಊದಿರಲಿಲ್ಲ, ನಿನ್ನೆ ಸತ್ತವನಂತಿದ್ದ ಎಂದು ಎತ್ತಿದವರು ಹೇಳಿದರು. ಅದನ್ನು ನಾನು ಯಾರನ್ನೂ ಮತ್ತೆ ಕೇಳಲಿಲ್ಲ.

ಸಾವಿನ ಮನೆಗೆ ಹೋಗದೆ ಇರಲಾಗಲಿಲ್ಲ. ಹೆಂಗಸರ ನಡುವೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಮಳವಳ್ಳಿಯಿಂದ ಬಂದಿದ್ದ ಅವಳ ಸೋದರತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರವ್ವ ಇವ್ರು?" ಅಂತ ಕೇಳಿದಳು.

ಪಾಠ ಹೇಳಿಕೊಡುವವರು ಅನ್ನುತ್ತಾಳೆ ಅಂದುಕೊಂಡೆ. ಅವಳು ತಲೆಯೆತ್ತಿ ನನ್ನನ್ನೇ ನೋಡುತ್ತ ಹೇಳಿದಳು:

"ನನ್ ಕೈಲಿ ಅವ್ರ ಹೆಸ್ರ ಯೋಳಿಸ್ದೋರು."